ಮೇಲೂರಿನ ಅಮ್ಮ ಮಂಚ ಬಡಿದದ್ದು

ಆಕೆಯ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ವರ್ಷಗಟ್ಟಲೆ ಬಿಸಿನೀರಿನಲ್ಲಿ ಕೈಯಾಡಿಸಿ ರೇಷ್ಮೆಗೂಡಿನ ನೂಲು ಬಿಚ್ಚಿದ ಬೆರಳುಗಳು. ಆಕ್ಸಿಜನ್ ಅಳೆಯುವ ಕ್ಲಿಪ್ಪು ಅವುಗಳಲ್ಲಿ ಸರಿಯಾಗಿ ಕೂರದೆ ಕಿವಿಗೆ ಸಿಕ್ಕಿಸಿದ್ದೆವು.

ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರ ಐಸಿಯುಗೆ ನಾನು ನರ್ಸಾಗಿ ಸೇರಿ ಎರಡೇ ತಿಂಗಳಾಗಿತ್ತು. ಉಬ್ಬಸದ ಜೊತೆಗೆ ನ್ಯುಮೋನಿಯಾವೂ ಸೇರಿ ಮೇಲೂರಿನ ಆ ಅಮ್ಮನಿಗೆ ವೆಂಟಿಲೇಟರ್ ಹಾಕಿದ್ದರು. ಬಾಯಲ್ಲಿ ಕೊಳವೆ, ಮಾತಿಲ್ಲ. ಅದನ್ನು ಕಿತ್ತುಕೊಂಡಾರೆಂದು ಕೈಗಳನ್ನು ಮಂಚಕ್ಕೆ ಕಟ್ಟಿದ್ದೆವು. ಆ ಕೊಳವೆಯೊಳಗೆ ಸಣ್ಣ ಟ್ಯೂಬು ಇಳಿಸಿ ಕಫ ಎಳೆಯುವುದು ನನ್ನ ಕೆಲಸ. ಕಫದ ಜೊತೆ ಉಸಿರೂ ಹೋಗುತ್ತದೆ, ಹತ್ತು ಸೆಕೆಂಡಿನಲ್ಲಿ ಮುಗಿಸಬೇಕು. ಹತ್ತು ಸೆಕೆಂಡು ದಾಟೀತೆಂಬ ಭಯಕ್ಕೆ ಪ್ರತಿ ಸಲವೂ ನನ್ನ ಕಣ್ಣು ಗಡಿಯಾರದ ಮೇಲೇ ಇರುತ್ತಿತ್ತು. ಆಕೆಯ ಮುಖವನ್ನೂ ನೋಡದೆ ಮುಗಿಸಿಬಿಡುತ್ತಿದ್ದೆ.

ಒಂದು ಮಧ್ಯಾಹ್ನ ಆಕೆ ಕಟ್ಟಿದ ಕೈಯಲ್ಲೇ ಮಂಚದ ಕಂಬಿ ಬಡಿಯತೊಡಗಿದರು. ಕಫ ತೆಗೆದು ಅರ್ಧ ಗಂಟೆಯೂ ಆಗಿರಲಿಲ್ಲ. ಮಾನಿಟರ್‌ನಲ್ಲಿ ಆಕ್ಸಿಜನ್ ತೊಂಬತ್ತಾರು ತೋರಿಸುತ್ತಿತ್ತು.

"ಮೆಷಿನ್ ಜೊತೆ ಜಗಳ ಆಡ್ತಿದ್ದಾರೆ ಸಿಸ್ಟರ್. ನಿದ್ದೆ ಇಂಜೆಕ್ಷನ್ ಸ್ವಲ್ಪ ಜಾಸ್ತಿ ಮಾಡಿ," ಎಂದು ಡಾಕ್ಟರು ಪಕ್ಕದ ರೋಗಿಯತ್ತ ಹೋದರು.

ಸಿರಿಂಜು ಹಿಡಿದು ಬಗ್ಗಿದೆ. ಆಕೆ ಬಡಿಯುವುದನ್ನು ನಿಲ್ಲಿಸಿ, ಒಂದು ಬೆರಳೆತ್ತಿ ಗಂಟಲ ಕಡೆ ತೋರಿಸಿದರು. ನಿದ್ದೆ ಬರಿಸಿಬಿಟ್ಟರೆ ಆ ಬೆರಳೂ ಏಳುವುದಿಲ್ಲ ಅನ್ನಿಸಿ ಸಿರಿಂಜು ಕೆಳಗಿಟ್ಟೆ.

"ಸರ್, ಮೊದ್ಲು ಒಂದ್ಸಲ ಸಕ್ಷನ್ ಮಾಡಿ ಕಫ ತೆಗೆದು ನೋಡ್ತೀನಿ," ಅಂದೆ.

ಪೂರ್ತಿ ಆಕ್ಸಿಜನ್ ಕೊಟ್ಟು ಟ್ಯೂಬು ಇಳಿಸಿದರೆ ಅರ್ಧಕ್ಕೇ ತಡೆಯಿತು. ಅಷ್ಟರಲ್ಲಿ ಅಲಾರಂ ಕೂಗಿತು. ತೊಂಬತ್ತು. ಎಂಬತ್ತೆರಡು. ಓಡಿಬಂದ ಡಾಕ್ಟರು ಕೊಳವೆಗೆ ರಬ್ಬರ್ ಗಾಳಿಚೀಲ ಸಿಕ್ಕಿಸಿ, ಕೈಯಲ್ಲೇ ಒತ್ತಿ ಉಸಿರು ಕೊಟ್ಟರು. ನಾನು ಮತ್ತೆ ಇಳಿಸಿದೆ. ಮೂರನೆಯ ಸಲಕ್ಕೆ ಅಂಟಿನಂಥ ಕಫದ ಗಡ್ಡೆ ಬಂತು. ಅಂಕಿ ನಿಧಾನಕ್ಕೆ ಮತ್ತೆ ಏರಿತು. ಆಮೇಲೆ ಡಾಕ್ಟರೇ ಆಕೆಯ ಬಲಗೈ ಕಟ್ಟು ಬಿಚ್ಚಿದರು.

ಬಾಯಿಂದ ಕೊಳವೆ ತೆಗೆದ ದಿನ ಗೊಗ್ಗರು ದನಿಯಲ್ಲಿ ಆಕೆ ಮೊದಲು ಹೇಳಿದ್ದು ನನಗೇ: "ಪೈಪು ಇಳ್ಸೋವಾಗ ಹೇಳ್ಬಿಟ್ಟು ಇಳ್ಸಮ್ಮ. ಗೊತ್ತಿದ್ರೆ ತಡ್ಕೋತೀವಿ." ಬೈದ ಹಾಗಿರಲಿಲ್ಲ. ಕೆಲಸ ಕಲಿಸುವವರ ಮಾತಿನ ಹಾಗಿತ್ತು. ಅಲ್ಲಿಂದೀಚೆಗೆ ಹೇಳದೆ ಯಾರ ಗಂಟಲಿಗೂ ನಾನು ಟ್ಯೂಬು ಇಳಿಸಿಲ್ಲ.

ಎಂಟು ತಿಂಗಳಿಗೆ ಆಕೆ ಮತ್ತೆ ಬಂದರು. ಶ್ವಾಸಕೋಶ ಸೋತಿತ್ತು. "ಈ ಸಲ ಪೈಪು ಬೇಡ ಕಣಮ್ಮ," ಎಂದು ಮಗಳ ಎದುರಿಗೇ ಹೇಳಿದರು. ಮಗಳು ಅತ್ತಳು, ಒಪ್ಪಿದಳು. ಬರೀ ಆಕ್ಸಿಜನ್ ಮಾಸ್ಕ್ ಹಾಕಿದೆವು. ಎರಡನೆಯ ದಿನ ಡ್ಯೂಟಿ ಮುಗಿದರೂ ಸ್ಟೂಲೆಳೆದು ಪಕ್ಕದಲ್ಲಿ ಕೂತೆ.

"ಊಟ ಆಯ್ತಾ?" ಅಂದರು.

"ಇಲ್ಲಮ್ಮ."

"ಉಂಡ್ಕೊಂಡು ಬಾ ಹೋಗು. ನಾನೆಲ್ಲಿಗ್ ಹೋಗ್ತೀನಿ."

ನಾನು ಏಳಲಿಲ್ಲ. ಆಕೆಯೂ ಮತ್ತೆ ಒತ್ತಾಯಿಸಲಿಲ್ಲ. ಸಂಜೆ ಐದರ ಹೊತ್ತಿಗೆ ಉಸಿರು ನಿಂತಾಗ ಒಂದು ಕಡೆ ಮಗಳಿದ್ದಳು, ಇನ್ನೊಂದು ಕಡೆ ನಾನಿದ್ದೆ.