ಅಳತೆ, ಹೊಲಿಗೆ, ಆಯುಧಪೂಜೆ

ಪೀಣ್ಯದ ನಂಜಪ್ಪನವರ ಶೆಡ್ಡಿನಲ್ಲಿ ಇಳಕಲ್ ಕಡೆಯ ಸೋಮಪ್ಪ ಗೇರ್ ಚಕ್ರಕ್ಕೆ ಹಲ್ಲು ಕೊರೆಯುವ ಹಳೇ ಮೆಷಿನ್ನೊಂದನ್ನು ನಡೆಸುತ್ತಿದ್ದ. ಗಂಡ ಹೆಂಡತಿಯೂ ಅವನೂ ಮೆಷಿನ್ನೂ ಹೊಂದಿಕೊಂಡಷ್ಟು ಹೊಂದಿಕೊಂಡದ್ದನ್ನು ಆ ಏರಿಯಾದಲ್ಲಿ ಯಾರೂ ಕಂಡಿಲ್ಲ. ಮೆಷಿನ್ನಿಗೆ ನೆಗಡಿಯಾದರೆ ಇವನು ಸೀನುತ್ತಿದ್ದ. ಬೇರೆ ಮೆಷಿನ್ನು ಅವನಿಗೆ ಬರುತ್ತಿರಲಿಲ್ಲ. ಕಲಿಯುವ ವಯಸ್ಸೂ ದಾಟಿತ್ತು.

ಮೆಷಿನ್ನಿಗೆ ಬುದ್ಧಿ ಹೇಳಲು ಪಕ್ಕದಲ್ಲೊಂದು ಕಂಪ್ಯೂಟರ್. ಅದರ ಫ್ಯಾನು ತಿರುಗಿದರೆ ನಾಗಸಂದ್ರ ಮೆಟ್ರೋ ಸ್ಟೇಷನ್ನಿನ ಪಾರಿವಾಳಗಳು ರೈಲು ಬಂತೆಂದು ಎದ್ದು ಹಾರುತ್ತಿದ್ದವು. ಶ್ರಾವಣದಲ್ಲಿ ಅದರ ಡಿಸ್ಕು ಸತ್ತಿತು. ಮಾಡಿಕೊಟ್ಟ ಕಂಪನಿ ಅದಕ್ಕೂ ಮೊದಲೇ ಸತ್ತಿತ್ತು.

"ವಿಜಯದಶಮಿ ಮಧ್ಯಾಹ್ನದೊಳಗೆ ಮೆಷಿನ್ ತಿರುಗಿದ್ರೆ ಸರಿ," ಎಂದರು ನಂಜಪ್ಪ. "ಇಲ್ದಿದ್ರೆ ಇದು ಗುಜರಿಗೆ, ಈ ಜಾಗಕ್ಕೆ ಹೊಸದು. ಆಮೇಲೆ ನಿಂಗೆ ಏನು ಕೆಲ್ಸ ಕೊಡ್ಲಿ, ನೀನೇ ಹೇಳು ಸೋಮಪ್ಪ."

ಅವರ ಮಗ ನಂದೀಶ್ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿದ್ದ. ಹೊಸ ಡಿಸ್ಕಿಗೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಹಾಕಿಕೊಟ್ಟು, ಮಿಕ್ಕಿದ್ದನ್ನು ಫೋನಿನಲ್ಲಿ ಕಲಿಸಿದ. "ನೋಡಣ್ಣ, ಮೆಷಿನ್ ಓಡಿಸೋ ಪ್ರೋಗ್ರಾಂ ಪುಕ್ಕಟೆ ಸಿಗುತ್ತೆ. ಆದ್ರೆ ರೆಡಿಮೇಡ್ ಅಂಗಿ ಈ ಮುದುಕ ಕಂಪ್ಯೂಟರಿನ ಮೈಗೆ ಆಗಲ್ಲ, ಬಟ್ಟೆ ತಂದು ಹೊಲೀಬೇಕು. ಬಟ್ಟೆ ಅಂದ್ರೆ ಸೋರ್ಸ್ ಕೋಡ್, ಪ್ರೋಗ್ರಾಂ ಬರೆದಿರೋ ಮೂಲ ಬರಹ. ಮೊದಲು ಕನ್ಫಿಗರ್ ಅಂತ ಹೊಡೀರಿ, ಅಳತೆ ತಗೊಳ್ಳುತ್ತೆ. ಆಮೇಲೆ ಮೇಕ್, ಹೊಲಿಯುತ್ತೆ. ಕೊನೆಗೆ ಮೇಕ್ ಇನ್‌ಸ್ಟಾಲ್, ತೊಡಿಸುತ್ತೆ. ಅಷ್ಟೇ!"

ಆ ಅಳತೆಯಲ್ಲೇ ಭಾದ್ರಪದ ಕಳೆದುಹೋಯಿತು. ಕನ್ಫಿಗರ್ ಅನ್ನುವುದು ಹೆಣ್ಣು ನೋಡಲು ಬಂದ ಬೀಗರ ಹಾಗೆ: ಪ್ರೋಗ್ರಾಮಿಗೆ ನೆರವಾಗುವ ಈ ಲೈಬ್ರರಿ ಇಲ್ಲ, ಆ ಲೈಬ್ರರಿ ಇಲ್ಲ. ಒಂದನ್ನು ತಂದರೆ ಅದಕ್ಕೊಬ್ಬ ಸೋದರಮಾವ ಬೇಕು. ಮಾವ ಬಂದರೆ ಅವನಿಗೊಬ್ಬಳು ಅತ್ತೆ, ಅದೂ ಹಳೇ ಕಾಲದ ಅತ್ತೆಯೇ ಆಗಬೇಕು.

ಆಯುಧಪೂಜೆಯ ಬೆಳಿಗ್ಗೆ ಕೊನೆಗೂ ಬೀಗರು ಒಪ್ಪಿದರು. ಸೋಮಪ್ಪ ಮೇಕ್ ಹೊಡೆದ. ಪರದೆಯ ಮೇಲೆ ಅಕ್ಷರಗಳು ಓಡತೊಡಗಿದವು. ಅಚ್ಚು ಹಾಕಿಸಿದ್ದರೆ ಆ ಕಾಗದ ತುಮಕೂರು ಮುಟ್ಟಿ, ತಟ್ಟೆ ಇಡ್ಲಿ ತಿಂದು ವಾಪಸ್ ಬರುತ್ತಿತ್ತು. "ಸಂಜೆವರೆಗೂ ಓಡುತ್ತೆ, ಮುಟ್ಬೇಡಿ," ಎಂದಿದ್ದ ನಂದೀಶ್. ಸೋಮಪ್ಪ ಬಾಳೆಕಂದು ತರಲು ಹೋದ.

ಅಷ್ಟರಲ್ಲಿ ನಂಜಪ್ಪನವರ ತಾಯಿ ಚಿಕ್ಕಮುನಿಯಮ್ಮ ಬಂದರು. ಶೆಡ್ಡು ನಿಂತಿದ್ದು ಅವರ ರಾಗಿ ಹೊಲದ ಮೇಲೆ, ಪೂಜೆ ಅವರದೇ. ಎಲ್ಲ ಮೆಷಿನ್ನುಗಳ ಜೊತೆ ಕಂಪ್ಯೂಟರಿನ ಪ್ಲಗ್ಗನ್ನೂ ಕಿತ್ತು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದರು.

"ಅವ್ವಾರ! ಅದು ಓಡಾಕತ್ತಿತ್ರೀ!" ಎಂದು ಕೂಗಿದ ಬಾಳೆಕಂದು ಹೊತ್ತು ಬಂದ ಸೋಮಪ್ಪ.

"ಅದ್ಕೇ ಕಿತ್ತೆ ಕಣಪ್ಪ. ವರ್ಸಕ್ಕೊಂದಿನ ಅದ್ಕೂ ರಜ ಬ್ಯಾಡ್ವಾ? ಇವತ್ತು ದುಡಿಸಿದ್ರೆ ಆಮ್ಯಾಕೆ ಕೈ ಕೇಳ್ತದೆ."

"ನಾಳಿ ನನ್ನ ಅನ್ನಾನ ಹೊಕ್ಕೈತ್ರೀ."

"ಅಂಗನ್ಬ್ಯಾಡ. ನಿಂಗೋಸ್ಕರಾನೇ ದೊಡ್ಡ ಕುಂಬ್ಳಕಾಯಿ ತರ್ಸಿವ್ನಿ."

ಕುಂಬಳಕಾಯಿ ಲಾರಿಯಷ್ಟಿತ್ತು. ಒಡೆದರು. ಪೂಜೆಯಾದ ಆಯುಧವನ್ನು ಮಾರನೇ ಬೆಳಿಗ್ಗೆವರೆಗೂ ಯಾರೂ ಮುಟ್ಟುವಂತಿಲ್ಲ. ಪೀಣ್ಯದಲ್ಲಿ ಕೈಬೆರಳು ಕಳೆದುಕೊಂಡವರನ್ನು ಕಂಡಿದ್ದ ಸೋಮಪ್ಪನೂ ಮುಟ್ಟಲಿಲ್ಲ.

ದಶಮಿಯ ಬೆಳಿಗ್ಗೆ ಮಂಗಳಾರತಿ ಆದೊಡನೆ ಪ್ಲಗ್ಗು ಹಾಕಿ ಮತ್ತೆ ಮೇಕ್ ಅಂದ. ನಿಂತಲ್ಲಿಂದಲೇ ಒಂದಿಷ್ಟು ಹೊಲಿದು, ಕೆಂಪಕ್ಷರ ಉಗುಳಿ ನಿಂತಿತು.

"ಅಯ್ಯೋ ಸೋಮಣ್ಣ," ಎಂದ ಫೋನಿನಲ್ಲಿ ನಂದೀಶ್, "ಪ್ಲಗ್ ಕೀಳೋವಾಗ ಅರ್ಧ ಹೊಲಿದಿದ್ದ ತೋಳೆಲ್ಲ ಕೆಟ್ಟುಹೋಗಿವೆ. ಕಂಪ್ಯೂಟರ್ ಅವು ಮುಗಿದಿವೆ ಅಂದ್ಕೊಂಡು ಜೋಡಿಸೋಕೆ ಹೋಗ್ತಿದೆ. ಎಲ್ಲಾ ಬಿಚ್ಚಿ ಮೊದಲಿಂದ ಹೊಲಿಸ್ಬೇಕು."

"ಸಂಜಿ ಆಗತೈತಲ್ರೀ?"

"ಆಗುತ್ತಣ್ಣ."

ಆದರೂ ಸೋಮಪ್ಪ ಮೊದಲಿಂದ ಹಚ್ಚಿದ.

ಗುಜರಿಯವನ ಟೆಂಪೋ ಮಧ್ಯಾಹ್ನಕ್ಕೇ ಬಂತು. ಅಕ್ಷರಗಳು ಓಡುತ್ತಲೇ ಇದ್ದವು. "ತುಸು ತಡೀರಿ ಸಾಹೇಬ್ರ," ಎಂದ ಸೋಮಪ್ಪ. ನಂಜಪ್ಪ ಗಡಿಯಾರ ನೋಡಿದರು, ಟೆಂಪೋ ನೋಡಿದರು, ಅವನನ್ನು ಮಾತ್ರ ನೋಡಲಿಲ್ಲ. ಸೇವಂತಿಗೆ ಹಾರ ಹಾಕಿಕೊಂಡೇ ಮೆಷಿನ್ನು ಮದುವಣಗಿತ್ತಿಯ ಹಾಗೆ ಟೆಂಪೋ ಹತ್ತಿತು. ಕಂಪ್ಯೂಟರ್ ಗುಜರಿಗೂ ಬೇಡವಾಯಿತು.

ಸಂಜೆ ಹೊಲಿಗೆ ಮುಗಿಯಿತು. ಒಂದು ತಪ್ಪೂ ಇಲ್ಲ. ಮೇಕ್ ಇನ್‌ಸ್ಟಾಲ್ ಅಂದರೆ ಗೊಣಗದೆ ತೊಟ್ಟುಕೊಂಡಿತು. ಪ್ರೋಗ್ರಾಂ ತೆರೆದುಕೊಂಡು ಒಂದೇ ಸಾಲು ತೋರಿಸಿತು: ಮೆಷಿನ್ ಕಾಣುತ್ತಿಲ್ಲ, ವೈರು ನೋಡಿ.

ಸೋಮಪ್ಪ ನೋಡಿದ. ವೈರಿನ ತುದಿ ನೆಲದ ಮೇಲಿತ್ತು, ಅದಕ್ಕೂ ಒಂದು ಕುಂಕುಮದ ಬೊಟ್ಟು. ಒರೆಸಿ, ಸುರುಳಿ ಸುತ್ತಿ, ಮೊಳೆಗೆ ತಗುಲಿಹಾಕಿದ. ಪ್ರತಿ ಸಂಜೆ ಮಾಡುತ್ತಿದ್ದ ಹಾಗೆ.