ಚಿಕ್ಕಮಾವ ಬಿಚ್ಚಿದ ಫೋರ್ಕು

ನನ್ನ ಚಿಕ್ಕಮಾವನಷ್ಟು ಪೆದ್ದನನ್ನು ನಾನು ಕಂಡಿಲ್ಲ. ಇದನ್ನು ಅವನ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ. ಅವನು ನಕ್ಕು ಸುಮ್ಮನಾಗುತ್ತಾನೆ. ಆ ನಗು ನೋಡಿದರೆ ನನಗೆ ಇನ್ನಷ್ಟು ಮೈ ಉರಿಯುತ್ತದೆ.

ಅಮ್ಮನಿಗೆ ಇಬ್ಬರು ಅಣ್ಣಂದಿರು. ದೊಡ್ಡಮಾವನದು ಕಾರು, ವ್ಯಾನುಗಳ ರಿಪೇರಿ ಗ್ಯಾರೇಜು. ಚಿಕ್ಕಮಾವನದು ಅದೇ ಬೀದಿಯ ತಿರುವಿನಲ್ಲಿ ಸೈಕಲ್ ಅಂಗಡಿ. ಎರಡು ಆಳು ಅಗಲದ ಕೋಣೆ, ಗೋಡೆಗೆ ಸಾಲಾಗಿ ಸ್ಪ್ಯಾನರುಗಳು, ಮೂಲೆಯಲ್ಲಿ ಮೂಟೆ ತೂಗುವ ಹಳೆಯ ತಕ್ಕಡಿ. ಆ ತಕ್ಕಡಿ ಮೂಟೆಗಲ್ಲ, ಗಿರಾಕಿಗಳಿಗೆ. ಒಂದು ಕಾಲದಲ್ಲಿ ಬೆಟ್ಟ ಇಳಿಯುವ ಸೈಕಲ್ಲುಗಳ ಫೋರ್ಕು, ಅಂದರೆ ಮುಂದಿನ ಚಕ್ರವನ್ನು ಹಿಡಿದುಕೊಂಡಿರುವ ಆ ಎರಡು ಕಾಲು, ಕೆಟ್ಟಿತೆಂದರೆ ಸುತ್ತಮುತ್ತಲಿನವರೆಲ್ಲ ಇವನ ಹತ್ತಿರವೇ ಬರುತ್ತಿದ್ದರು. ಕಲ್ಲು ಸಿಕ್ಕಿದಾಗ ಫೋರ್ಕು ಒಳಕ್ಕೆ ಕುಸಿಯಬೇಕು, ಮರುಕ್ಷಣ ಮೇಲೇಳಬೇಕು. ಎಷ್ಟು ಕುಸಿಯಬೇಕೆಂಬುದು ಸವಾರನ ತೂಕದ ಮೇಲೆ. ಬಂದವರನ್ನು ಚಿಕ್ಕಮಾವ ಹೆಲ್ಮೆಟ್ಟು, ಬೆನ್ನಿನ ಚೀಲ, ನೀರಿನ ಬಾಟಲಿ ಸಮೇತ ತಕ್ಕಡಿ ಹತ್ತಿಸುತ್ತಿದ್ದ.

"ಜನ ವಯಸ್ಸನ್ನಾದ್ರೂ ನಿಜ ಹೇಳ್ತಾರೆ, ತೂಕ ಮಾತ್ರ ಹೇಳಲ್ಲ," ಎನ್ನುತ್ತಿದ್ದ.

ದೊಡ್ಡಮಾವನಿಗೆ ಬೆಟ್ಟ ಇಳಿಯುವ ಹುಚ್ಚು. ಅವನ ಸೈಕಲ್ಲಿನ ಫೋರ್ಕನ್ನು ಕಟ್ಟಿಕೊಟ್ಟವನು ಚಿಕ್ಕಮಾವನೇ. ಅದು ಆಗಲೇ ಹಳೆಯದಾಗಿದ್ದ ಮಾದರಿ, ಅಂಥ ಫೋರ್ಕಿನಲ್ಲಿ ಸ್ಪ್ರಿಂಗ್ ಇರುತ್ತಿರಲಿಲ್ಲ. ಎರಡೂ ಕೊಳವೆಗಳಲ್ಲಿ ಮೆತ್ತನೆಯ ರಬ್ಬರು ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಹನ್ನೊಂದು ವರ್ಷದ ಹಿಂದೆ, ಪಂದ್ಯದ ದಿನ, ಆ ಫೋರ್ಕು ಒಂದು ಕಲ್ಲಿಗೆ ಕುಸಿದದ್ದು ಮೇಲೇಳಲೇ ಇಲ್ಲ. ಮುಂದಿನ ಕಲ್ಲಿಗೆ ಸೈಕಲ್ಲು ಮುಗ್ಗರಿಸಿತು. ದೊಡ್ಡಮಾವ ಹ್ಯಾಂಡಲ್ಲಿನ ಮೇಲಿಂದ ಹಾರಿ ಬಂಡೆಗೆ ಬಿದ್ದ. ಮಂಡಿ ಚೂರಾಯಿತು. ಆ ಕಾಲು ಇವತ್ತಿಗೂ ಮಡಚುವುದಿಲ್ಲ.

ಆಸ್ಪತ್ರೆಯಲ್ಲಿ ನಾನೂ ಇದ್ದೆ. ಯಾರೂ ಕೇಳುವ ಮುಂಚೆಯೇ ಚಿಕ್ಕಮಾವ ಮಂಚದ ಪಕ್ಕ ಕುಸಿದು ಕೂತು, "ತಪ್ಪು ನಂದೇ ಅಣ್ಣ. ಎಲ್ಲೋ ನನ್ನ ಕೈ ತಪ್ಪಿದೆ," ಎಂದು ಅತ್ತ. ದೊಡ್ಡಮಾವ ಗೋಡೆಯ ಕಡೆ ಮುಖ ತಿರುಗಿಸಿದ. ಫೋರ್ಕು ಬಿಚ್ಚಿ ಏನಾಗಿದೆ ನೋಡುತ್ತೇನೆಂದು ಚಿಕ್ಕಮಾವ ಆಮೇಲೊಮ್ಮೆ ಕೇಳಿದಾಗ, "ಆ ಹಾಳು ಸಾಮಾನಿನ ಸಹವಾಸ ಬೇಡ, ಬಿಟ್ಟುಬಿಡು. ಆಗಿದ್ದು ಆಗೋಯ್ತು," ಎಂದ. ಎಂಥ ದೊಡ್ಡ ಮನಸ್ಸು ಎಂದು ಅಮ್ಮ ಕಣ್ಣೊರೆಸಿಕೊಂಡಳು. ನಾನೂ ಹಾಗೇ ಅಂದುಕೊಂಡೆ. ಅದನ್ನು ನೆನೆದರೆ ಈಗ ನನ್ನ ಮೇಲೇ ನನಗೆ ಅಸಹ್ಯ.

ಅವತ್ತಿನಿಂದ ಚಿಕ್ಕಮಾವ ಫೋರ್ಕು ಮುಟ್ಟಲಿಲ್ಲ. ಪಂಕ್ಚರು, ಬ್ರೇಕು, ಚೈನು, ಇಷ್ಟೇ. ಸವಾರರ ಸಂಘವೊಂದು ತಮ್ಮ ಜೊತೆ ಊರೂರು ಸುತ್ತುವ ಮೆಕ್ಯಾನಿಕ್ ಆಗಿ ಬಾ ಎಂದು ಎರಡು ಸಲ ಮನೆ ಬಾಗಿಲಿಗೆ ಬಂದು ಕರೆಯಿತು. ಅವನು ಜೀವಮಾನವೆಲ್ಲ ಕನಸು ಕಂಡ ಕೆಲಸ ಅದು. "ನನ್ನ ಕೈ ನಂಬಬೇಡಿ," ಎಂದು ಕಳಿಸಿಬಿಟ್ಟ. ಪ್ರತಿದಿನ ಬೆಳಿಗ್ಗೆ ಅಣ್ಣನ ಮನೆಗೆ ಹೋಗಿ, ಅವನನ್ನು ಸ್ಕೂಟರಿನಲ್ಲಿ ಗ್ಯಾರೇಜಿಗೆ ಕರೆತಂದು, ಬಗ್ಗಲಾರದ ಅಣ್ಣನ ಬದಲು ಶಟರ್ ಎತ್ತಿ, ಆಮೇಲೆ ತನ್ನ ಅಂಗಡಿ ತೆರೆಯುತ್ತಿದ್ದ. ಹನ್ನೊಂದು ವರ್ಷ. ಜ್ವರ ಬಂದ ದಿನವೂ ತಪ್ಪಿಸಿದವನಲ್ಲ. ಯಾವ ಬೋಲ್ಟು ಬಿಗಿ ಮಾಡಿದರೂ ಮೂರು ಮೂರು ಸಲ ಮುಟ್ಟಿ ನೋಡುತ್ತಿದ್ದ. ಗಿರಾಕಿ ಸೈಕಲ್ ಹತ್ತಿ ಹೊರಟರೆ ಹಿಂದಿನಿಂದ ಕೂಗಿ ನಿಲ್ಲಿಸಿ ನಾಲ್ಕನೇ ಸಲ ನೋಡುತ್ತಿದ್ದ.

ಕಳೆದ ತಿಂಗಳು ದೊಡ್ಡಮಾವನ ಮಗಳು ಅಂಗಡಿಗೆ ಬಂದಳು. ಒಂದು ಕಡೆ ಕೂತವಳೇ ಅಲ್ಲವಾದ್ದರಿಂದ ಮನೆಯಲ್ಲಿ ಅವಳಿಗೆ ಬುಗುರಿ ಎಂದೇ ಹೆಸರು. ಭಾನುವಾರವಾದ್ದರಿಂದ ನಾನೂ ಅಲ್ಲೇ ಹರಟುತ್ತ ಕೂತಿದ್ದೆ. ಬುಗುರಿಯ ಹೆಗಲ ಮೇಲೊಂದು ಗೋಣಿಚೀಲ. ಅದರೊಳಗಿನ ಫೋರ್ಕನ್ನು ಬೆಂಚಿನ ಮೇಲೆ ಇಟ್ಟದ್ದೇ ತಡ, ಚಿಕ್ಕಮಾವ ಹಾವು ಕಂಡವನ ಹಾಗೆ ಹಿಂದೆ ಸರಿದ.

"ಅಟ್ಟದಲ್ಲಿತ್ತು ಚಿಕ್ಕಪ್ಪ. ಅಪ್ಪನ ಸೈಕಲ್ಲಿನ ಫ್ರೇಮು ಇನ್ನೂ ಗಟ್ಟಿಯಾಗಿದೆ, ನಾನು ಓಡಿಸ್ತೀನಿ. ಈಗಿನ ಫೋರ್ಕುಗಳ ಕತ್ತು ದಪ್ಪ, ಆ ಫ್ರೇಮಿಗೆ ಕೂರಲ್ಲ. ಇದನ್ನೇ ಸರ್ವೀಸ್ ಮಾಡಿಕೊಡಿ."

"ಅಪ್ಪಂಗೆ ಹೇಳಿದ್ಯಾ?"

"ಹೇಳಿದ್ರೆ ಬೇಡ ಅಂತಾರೆ."

"ನಾನು ಫೋರ್ಕು ಮುಟ್ಟಲ್ಲಮ್ಮ. ನಿನಗೆ ಗೊತ್ತಲ್ಲ."

"ಹಾಗಾದ್ರೆ ನಾನೇ ಬಿಚ್ತೀನಿ. ಫೋನಿನಲ್ಲಿ ವಿಡಿಯೋ ನೋಡ್ಕೊಂಡು ಮಾಡ್ತೀನಿ. ಬೀಳೋದಾದ್ರೆ ಬೀಳ್ತೀನಿ."

ಅವಳು ಜೇಬಿನಿಂದ ಪೊಟ್ಟಣವೊಂದನ್ನು ತೆಗೆದಿಟ್ಟಳು. ಹಳೆಯ ಸೈಕಲ್ಲುಗಳ ಬಿಡಿಭಾಗ ಮಾರುವವನೊಬ್ಬನಿಂದ ತರಿಸಿದ, ಧೂಳು ಒಳಹೋಗದಂತೆ ತಡೆಯುವ ಹೊಸ ಸೀಲುಗಳು, ರಬ್ಬರಿನ ಬದಲು ಹಾಕುವ ಉಕ್ಕಿನ ಸ್ಪ್ರಿಂಗುಗಳು. ಚಿಕ್ಕಮಾವ ಒಂದು ಸ್ಪ್ರಿಂಗನ್ನು ಎತ್ತಿಕೊಂಡು ಹೆಬ್ಬೆರಳಿಂದ ಒತ್ತಿ ಬಿಟ್ಟ. ಮತ್ತೆ ಒತ್ತಿದ. ಅವನ ಮುಖದಲ್ಲಿ ಹಸಿದವನ ಕಳೆ ಕಂಡಿತು.

"ತಕ್ಕಡಿ ಹತ್ತು," ಎಂದ.

ಮೇಲಿನ ಮುಚ್ಚಳಗಳನ್ನು ತಿರುಗಿಸಿ ತೆಗೆದ. ರಬ್ಬರುಗಳು ಹೊರಗೆ ಬರಲಿಲ್ಲ. "ವಯಸ್ಸಾದ್ರೆ ಇವು ಅಂಟಾಗ್ತವೆ, ಇದೇನೂ ಹೊಸದಲ್ಲ," ಎಂದು ತನಗೇ ಹೇಳಿಕೊಂಡ. ಕೆಳಗಿನ ಉದ್ದ ಬೋಲ್ಟುಗಳನ್ನು ಮೂರು ಸುತ್ತು ಮಾತ್ರ ಸಡಿಲಿಸಿ, ಮರದ ಸುತ್ತಿಗೆಯಿಂದ ಹಗುರವಾಗಿ ತಟ್ಟಿದ. ಪೂರ್ತಿ ಬಿಚ್ಚಿ ತಟ್ಟಿದರೆ ಒಳಗಿನ ಮರೆ, ಅಂದರೆ ತಿರುಪಿನ ಗೆರೆಗಳು, ಹಾಳಾಗುತ್ತವೆಂದು ಬುಗುರಿಗೆ ತೋರಿಸಿಕೊಟ್ಟ. ಆಮೇಲೆ ಬೋಲ್ಟುಗಳನ್ನು ಪೂರ್ತಿ ತೆಗೆದಾಗ ಹೊರಗಿನ ಕಾಲುಗಳು ಕಳಚಿ ಬಂದವು.

ಒಳಗೆಲ್ಲ ಕಂದು ಗ್ರೀಸು. ಚಿಕ್ಕಮಾವ ಫೋರ್ಕಿಗೆ ಹಾಕುತ್ತಿದ್ದುದು ಬಿಳಿ ಗ್ರೀಸು, ಅದೊಂದೇ. ಗಾಡಿಗಳ ಕಂದು ಗ್ರೀಸು ತಗುಲಿದರೆ ಈ ರಬ್ಬರು ಊದಿ, ಕುಸಿದ ಫೋರ್ಕು ಮೇಲೇಳದೆ ಸಿಕ್ಕಿಕೊಳ್ಳುತ್ತದೆಂದು ಅವನು ಎಲ್ಲರಿಗೂ ಗಿಣಿಗೆ ಹೇಳಿದ ಹಾಗೆ ಹೇಳುತ್ತಿದ್ದ. ಕೊಕ್ಕೆ ಮಾಡಿದ ತಂತಿಯನ್ನು ಕೊಳವೆಗೆ ಇಳಿಸಿ ಎಳೆದ. ಅಂಟು ಅಂಟಾದ ಹಳದಿ ರಬ್ಬರಿನ ಎರಡು ತುಂಡು ಬಂದವು. ಅವುಗಳ ಹಿಂದೆ, ಕೊಳವೆಗೆ ಕಚ್ಚಿಕೊಂಡಿದ್ದ ಗಡುಸು ರಬ್ಬರಿನ ದಪ್ಪನೆಯ ಕರಿಯ ಬುಷ್ಷೊಂದು ಬಂದಿತು. ಕೊಳವೆಯೊಳಗೆ ಇಳಿಯಲೆಂದು ಅದರ ಅಂಚನ್ನು ಯಾರೋ ಚಾಕುವಿನಿಂದ ಹೆರೆದಿದ್ದರು. ಇನ್ನೊಂದು ಕಾಲಿನಲ್ಲೂ ಅದೇ.

ಬುಗುರಿ ಅದನ್ನು ಬೆರಳಲ್ಲಿ ತಿರುಗಿಸಿದಳು. "ಇದು ಗಾಡಿ ಶಾಕ್ ಅಬ್ಸಾರ್ಬರಿನ ಬುಷ್ ಅಲ್ವಾ ಚಿಕ್ಕಪ್ಪ? ಅಪ್ಪನ ಗ್ಯಾರೇಜಲ್ಲಿ ಡಬ್ಬಿಗಟ್ಲೆ ಇದೆ."

ಚಿಕ್ಕಮಾವ ಸ್ಟೂಲಿನ ಮೇಲೆ ಕೂತು ಎರಡೂ ಅಂಗೈಗಳನ್ನು ನೋಡಿಕೊಂಡ. "ಪಂದ್ಯಕ್ಕೆ ಮುಂಚೆ ಅಣ್ಣ ಕೇಳಿದ್ದ, ಇನ್ನೂ ಗಡುಸು ಮಾಡು ಅಂತ. ನಿನ್ನ ತೂಕಕ್ಕೆ ಇಷ್ಟು ಸಾಕು ಅಂದಿದ್ದೆ," ಎಂದ. ಎದ್ದು, ಬುಷ್ಷುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಬೀದಿಗಿಳಿದ. ನಾವಿಬ್ಬರೂ ಅವನ ಹಿಂದೆ ಹೋದೆವು.

ಭಾನುವಾರವೂ ದೊಡ್ಡಮಾವ ಗ್ಯಾರೇಜಿನಲ್ಲೇ ಇರುತ್ತಿದ್ದ. ಕಾಲನ್ನು ಟಯರಿನ ಮೇಲೆ ಚಾಚಿ ಕೂತು ಬಿಲ್ಲುಗಳನ್ನು ಜೋಡಿಸುತ್ತಿದ್ದವನ ಮುಂದೆ ಚಿಕ್ಕಮಾವ ಪೇಪರು ಬಿಡಿಸಿದ. ದೊಡ್ಡಮಾವ ನೋಡಿದ. ಇದೇನೆಂದು ಕೇಳಲಿಲ್ಲ. ಆಗಲೇ ನನಗೆ ಎಲ್ಲವೂ ತಿಳಿದುಹೋಯಿತು.

"ನೀನು ಬಿಚ್ಚಿದ್ದೆ," ಎಂದ ಚಿಕ್ಕಮಾವ.

"ಹೂಂ."

"ಗೊತ್ತಿತ್ತಾ ನಿನಗೆ?"

"ಬಿದ್ದ ತಕ್ಷಣ ಗೊತ್ತಾಯ್ತು. ಅಷ್ಟೊತ್ತಿಗೆ ಹತ್ತು ವರ್ಷದಿಂದ ಗಾಡಿ ಶಾಕ್ ಕಟ್ತಿದ್ದೆ, ಸೈಕಲ್ಲು ಯಾವ ಲೆಕ್ಕ ಅಂದ್ಕೊಂಡಿದ್ದೆ." ದೊಡ್ಡಮಾವ ಬಿಲ್ಲುಗಳನ್ನು ಪಕ್ಕಕ್ಕಿಟ್ಟ. "ನಾನು ಯಾವತ್ತಾದ್ರೂ ನಿನ್ನ ತಪ್ಪು ಅಂತ ಹೇಳಿದ್ನಾ? ನೆನಪು ಮಾಡ್ಕೋ. ಬಂದು ಕೂತು ನೀನೇ ಹೇಳಿದೆ. ನೋವಲ್ಲಿದ್ದೆ, ಸುಮ್ಮನಾದೆ. ನಾಳೆ ಹೇಳೋಣ ಅಂದ್ಕೊಂಡೆ."

ನನಗೆ ರೇಗಿಹೋಯಿತು. "ನಾಳೆ ಅನ್ನೋದು ಹನ್ನೊಂದು ವರ್ಷಕ್ಕೂ ಬರಲಿಲ್ವಾ ಮಾವ?" ಎಂದೆ. ಚಿಕ್ಕಮಾವ ನನ್ನ ಕೈ ಹಿಡಿದು ಸುಮ್ಮನಿರಿಸಿದ. ಆಗಲೂ ಅಣ್ಣನ ಮರ್ಯಾದೆ ಕಾಯುವ ಬುದ್ಧಿ ಅವನಿಗೆ.

ಬುಗುರಿ ಬಾಗಿಲಲ್ಲೇ ನಿಂತಿದ್ದಳು. "ಅಪ್ಪ, ಚಿಕ್ಕಪ್ಪ ದಿನಾ ಬೆಳಿಗ್ಗೆ ಬರ್ತಿದ್ರಲ್ಲ. ನಿಮಗೆ ಏನೂ ಅನ್ನಿಸ್ತಿರಲಿಲ್ವಾ?"

ದೊಡ್ಡಮಾವ ಮಗಳನ್ನು ನೋಡಲಿಲ್ಲ. "ಮೊದಲನೇ ವರ್ಷ ದಿನಾ ಅನ್ನಿಸ್ತಿತ್ತು," ಎಂದ. "ಆಮೇಲೆ ಶಟರ್ ಎತ್ತೋಕೆ ಯಾರಾದ್ರೂ ಬೇಕಿತ್ತಲ್ಲ."

ಅವನು ಸುಳ್ಳು ಹೇಳಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ, ಬೀದಿಯಲ್ಲಿ ಹೋಗುವವರಿಗೆ ಹೊತ್ತು ಎಷ್ಟಾಯಿತೆಂದು ಹೇಳುವಂತೆ ಹೇಳಿದ. ಚಿಕ್ಕಮಾವ ತನ್ನ ಅಂಗಡಿಗೆ ವಾಪಸು ನಡೆದ. ಬೈದಿದ್ದರೆ, ಕಡೇಪಕ್ಷ ಆ ಬುಷ್ಷನ್ನು ಅವನ ಮುಖಕ್ಕೆ ಎಸೆದಿದ್ದರೆ, ನನ್ನ ಹೊಟ್ಟೆಯಾದರೂ ತಣ್ಣಗಾಗುತ್ತಿತ್ತು.

ಆ ಸಂಜೆಯೇ ಅವನು ಫೋರ್ಕು ಕಟ್ಟಿ ಮುಗಿಸಿದ. ಕೊಳವೆಗಳನ್ನು ಹತ್ತಿ ಬಟ್ಟೆಯಲ್ಲಿ ತಿಕ್ಕಿ ಒರೆಸಿದ. ಸೀಲುಗಳನ್ನು ಸರಿಯಳತೆಯ ಪೈಪಿನ ತುಂಡಿನಿಂದ ಸಮನಾಗಿ ಒತ್ತಿ ಕೂರಿಸಿದ. ಬುಗುರಿಯ ತೂಕಕ್ಕೆ ಹೊಂದುವ ಸ್ಪ್ರಿಂಗು ಆರಿಸಿ, ಬಿಳಿ ಗ್ರೀಸು ಸವರಿ ಇಳಿಸಿದ. ಒತ್ತಿದರೆ ಫೋರ್ಕು ಸದ್ದಿಲ್ಲದೆ ಕುಸಿದು, ಸದ್ದಿಲ್ಲದೆ ಎದ್ದಿತು. ಅಷ್ಟು ಚೆನ್ನಾದ ಕೆಲಸವನ್ನು ನಾನು ಬೇರೆ ಯಾವ ಅಂಗಡಿಯಲ್ಲೂ ನೋಡಿಲ್ಲ. ಮಾರನೇ ದಿನ ಬುಗುರಿ ಬೆಟ್ಟ ಇಳಿದು ಬಂದು, ಬೆಣ್ಣೆಯಲ್ಲಿ ಹೋದ ಹಾಗಿತ್ತು ಚಿಕ್ಕಪ್ಪ ಎಂದಳು.

ಸುದ್ದಿ ಹರಡಿತು. ಮುಂದಿನ ಭಾನುವಾರ ಅವಳ ಗೆಳತಿಯರಿಬ್ಬರು ತಮ್ಮ ಮನೆಯಲ್ಲಿದ್ದ ಹಳೆಯ ಫೋರ್ಕುಗಳನ್ನು ಹಿಡಿದುಕೊಂಡು ಬಂದರು. ಇನ್ನು ಇವನ ಒಳ್ಳೆಯ ದಿನ ಬಂತೆಂದು ನಾನು ಹಿಗ್ಗಿದೆ. ಚಿಕ್ಕಮಾವ ಆ ಫೋರ್ಕುಗಳನ್ನು ಕೈಯಲ್ಲಿ ಕೂಡ ಹಿಡಿಯಲಿಲ್ಲ.

"ಫೋರ್ಕು ಆಗಲ್ಲಮ್ಮ. ಪಂಕ್ಚರ್ ಇದ್ರೆ ತಗೊಂಡ್ಬನ್ನಿ," ಎಂದ.

ಅವರು ಹೋದ ಮೇಲೆ ನಾನು ಚೆನ್ನಾಗಿ ಬೈದೆ. "ನಿನ್ನ ಕೈ ತಪ್ಪಿಲ್ಲ ಅಂತ ಕಣ್ಣಾರೆ ನೋಡಿದ್ಯಲ್ಲ ಮಾವ. ತಪ್ಪು ನಿಂದಲ್ಲ ಅಂತ ಗೊತ್ತಾದ ಮೇಲೂ ಇದೇನು ಹಟ?"

ಅವನು ಟ್ಯೂಬೊಂದನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದ. ತಲೆ ಎತ್ತಲಿಲ್ಲ.

"ತಪ್ಪು ನಂದೇ ಆಗಿದ್ದಿದ್ರೆ ಚೆನ್ನಾಗಿತ್ತು ಕಣೇ," ಎಂದ. "ಹನ್ನೊಂದು ವರ್ಷ ಯಾವುದಕ್ಕೆ ಹೋಯ್ತು ಅಂತಾದ್ರೂ ಗೊತ್ತಿರ್ತಿತ್ತು."