ಓಡುವ ಹುಡುಗನಿಗೊಂದು ಗಾಡಿ

ಲಾಂಡ್ರಿಯ ಹಿಂಬದಿ ಕೋಣೆಯಲ್ಲಿ ಕೆಲಸ ಮಾಡುವ ಅವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಲಾಡ್ಜಿನ ಹೊದಿಕೆಗಳು, ಡಾಕ್ಟರುಗಳ ಬಿಳಿ ಕೋಟುಗಳು ದಿನವಿಡೀ ಅವಳ ಕೈಕೆಳಗೆ ಹಾದುಹೋಗುತ್ತಿದ್ದವು. ಬಲಗೈಯಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆಗಳಿದ್ದವು. ಎಡಗೈ ತುಂಬ ಉಗುರಿನ ಗೀರುಗಳು, ಅವು ಮಗನವು.

ಮಗನಿಗೆ ಒಂಬತ್ತು ತುಂಬಿತ್ತು. ಮಾತು ಬಂದಿರಲಿಲ್ಲ. ಹೆಸರು ಹಿಡಿದು ಎಷ್ಟು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಎಲ್ಲಾದರೂ ನೀರು ಸುರಿಯುವ ಸದ್ದಾದರೆ ಸಾಕು, ಹಿಡಿದ ಕೈ ಕೊಸರಿಕೊಂಡು ಹೊರಟೇಬಿಡುತ್ತಿದ್ದ. ಅಜ್ಜಿ ಅವನಿಗೆ ಬಾಣ ಎಂದು ಅಡ್ಡಹೆಸರಿಟ್ಟಿದ್ದಳು. ಓಡಿ ಸಾಕಾದರೆ ಇದ್ದಲ್ಲೇ ಕುಕ್ಕರಿಸುತ್ತಿದ್ದ, ಅದು ನಡುರಸ್ತೆಯಾದರೂ ಸರಿ. ಆಮೇಲೆ ಅವನನ್ನು ಎಬ್ಬಿಸುವುದು ಯಾರಪ್ಪನ ಕೈಲೂ ಆಗದ ಕೆಲಸ.

ಎರಡು ವರ್ಷದ ಹಿಂದಿನವರೆಗೂ ಅವನನ್ನು ಎಳೆಮಕ್ಕಳ ಗಾಡಿಯಲ್ಲೇ ಕೂರಿಸಿ, ಬೆಲ್ಟು ಬಿಗಿದು ತಳ್ಳುತ್ತಿದ್ದಳು. ಮೊಣಕಾಲು ಗಲ್ಲಕ್ಕೆ ತಾಗುತ್ತಿದ್ದರೂ ಹೇಗೋ ನಡೆಯುತ್ತಿತ್ತು. ಒಂದು ದಿನ ಮುಂದಿನ ಚಕ್ರ ಮುರಿದು ಗಾಡಿ ಮೂಲೆ ಸೇರಿತು. ಅಲ್ಲಿಂದಾಚೆಗೆ ಮಣಿಕಟ್ಟು ಹಿಡಿದೇ ಇಂಥ ಮಕ್ಕಳ ತರಬೇತಿ ಕೇಂದ್ರಕ್ಕೆ ಹೋಗಿ ಬರಬೇಕಾಯಿತು.

ಒಂದು ಬೆಳಿಗ್ಗೆ ದೊಡ್ಡ ರಸ್ತೆಯಲ್ಲಿ ನೀರಿನ ಟ್ಯಾಂಕರೊಂದು ಸೋರುತ್ತಾ ಹಾದುಹೋಯಿತು. ಬಾಣ ಕೈ ಕಿತ್ತುಕೊಂಡು ಅದರ ಹಿಂದೆ ಓಡಿದ. ಬಸ್ಸೊಂದು ಕಿರ್ರೆಂದು ನಿಂತಾಗ ಹುಡುಗನಿಗೂ ಅದರ ಮೂತಿಗೂ ಒಂದು ಮೊಳ ದೂರವೂ ಇರಲಿಲ್ಲ.

"ಏನಮ್ಮಾ, ಇಷ್ಟು ದೊಡ್ಡ ಹುಡುಗನ್ನ ಹಿಡ್ಕೊಳ್ಳೋಕಾಗಲ್ವಾ?" ಎಂದು ಡ್ರೈವರ್ ಕಿಟಕಿಯಿಂದ ಬೈದ. ಅವಳು ಮಗನ ಮಣಿಕಟ್ಟು ಹಿಡಿದು ಪಕ್ಕಕ್ಕೆಳೆದಳು. ಆವತ್ತು ಇಸ್ತ್ರಿ ಮಾಡುವಾಗ ಒಂದು ಬಿಳಿ ಕೋಟಿನ ಕಾಲರು ಸುಟ್ಟುಹೋಯಿತು.

ದೊಡ್ಡ ಮಕ್ಕಳ ಗಾಡಿ ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಾ ಆಸ್ಪತ್ರೆ ಸಾಮಾನಿನ ಅಂಗಡಿಗೆ ಹೋದಳು. ಗಟ್ಟಿ ಕಬ್ಬಿಣದ ಚೌಕಟ್ಟು, ಹೆಗಲಿಗೂ ಸೊಂಟಕ್ಕೂ ಬೆಲ್ಟು, ದಪ್ಪ ಚಕ್ರ. ಅಂಗಡಿಯವನು ಬೆಲೆ ಹೇಳಿದ. ಅವಳು ಹಿಡಿಕೆಯ ಮೇಲಿದ್ದ ಕೈ ತೆಗೆದಳು.

ಅಂಥ ಮಕ್ಕಳಿಗೆ ಪುಕ್ಕಟೆ ಗಾಡಿ ಕೊಡುವ ಸರ್ಕಾರಿ ಕಚೇರಿಯೊಂದಿದೆ ಎಂದು ಯಾರೋ ಹೇಳಿದರು. ಅಲ್ಲಿಗೂ ಹೋದಳು.

"ಹುಡುಗ ನಡೀತಾನಾ?" ಎಂದು ಅಧಿಕಾರಿ ಕೇಳಿದ.

"ನಡೀತಾನೆ ಸಾರ್."

"ಮತ್ತೆ ಗಾಡಿ ಯಾಕಮ್ಮಾ? ಇದು ನಡೆಯೋಕಾಗದೋರಿಗೆ ಕೊಡೋದು."

"ನಡೆಯೋದಲ್ಲ ಸಾರ್ ಅವನ ಕಷ್ಟ. ನಿಲ್ಲೋದು."

"ಓಡೋರಿಗೆ ಕೊಡಿ ಅಂತ ನಿಯಮದಲ್ಲಿಲ್ಲ," ಎಂದ ಅಧಿಕಾರಿ. ಅಷ್ಟರಲ್ಲಿ ಬಾಣ ಹೊರಗಿನ ಕುಡಿಯುವ ನೀರಿನ ನಲ್ಲಿ ತಿರುಗಿಸಿ ಅರ್ಧ ಕಚೇರಿಯನ್ನು ತೊಳೆದಿದ್ದ. ನೆಲ ಒರೆಸಿಕೊಟ್ಟು ಮನೆಗೆ ಬಂದಳು.

ಮನೆಯಲ್ಲಿ ಅತ್ತೆಯ ಮುಖ ಊದಿತ್ತು. "ಕಾಲು ಗಟ್ಟಿ ಇರೋ ಹುಡುಗನ್ನ ಕೂರಿಸಿ ಕೂರಿಸಿ ಹೆಳವನ್ನ ಮಾಡ್ತೀಯಾ? ತಳ್ಳುಗಾಡೀಲಿ ತರಕಾರಿ ತಳ್ಳೋದು ಕಂಡಿದ್ದೀನಿ, ಮೊಮ್ಮಗನ್ನ ತಳ್ಳೋದು ಕಂಡಿಲ್ಲ. ಜನ ಏನಂತಾರೆ?"

"ಜನ ಬಂದು ರಸ್ತೆ ದಾಟಿಸ್ತಾರಾ ಅತ್ತೆ?"

ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ಹೆಚ್ಚು ದಿನ ಊರಲ್ಲಿರುತ್ತಿರಲಿಲ್ಲ. ಫೋನಿನಲ್ಲಿ, "ನಿಂಗೂ ಸರಿ, ಅಮ್ಮಂಗೂ ಸರಿ ಅನ್ನೋ ಹಾಗೆ ಮಾಡು," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ಕೊನೆಗೆ ಸುದ್ದಿ ಸಿಕ್ಕಿದ್ದು ತರಬೇತಿ ಕೇಂದ್ರದಲ್ಲಿ. ಊರಿನ ಆ ತುದಿಯಲ್ಲಿ ಒಬ್ಬರು ತಮ್ಮ ಮಗಳ ಗಾಡಿ ಮಾರುತ್ತಿದ್ದರು; ಹುಡುಗಿ ಉದ್ದವಾಗಿ ಬೆಳೆದುಬಿಟ್ಟಿದ್ದಳಂತೆ. ಅಂಗಡಿ ಬೆಲೆಯ ಕಾಲುಭಾಗ. ಆದರೆ ಸಂಜೆ ಇನ್ನೊಬ್ಬರು ನೋಡಲು ಬರುವವರಿದ್ದರು.

"ಆ ಗಾಡಿ ತರೋಕೆ ಹೋಗೋದಾದ್ರೆ ಹುಡುಗನ್ನ ನನ್ ಹತ್ರ ಬಿಡಬೇಡ," ಎಂದಳು ಅತ್ತೆ. ಅರ್ಧ ದಿನ ರಜೆ ಹಾಕಿ, ಮಗನ ಮಣಿಕಟ್ಟು ಹಿಡಿದು ಬಸ್ಸು ಹತ್ತಿದಳು.

ಗಾಡಿ ಚೆನ್ನಾಗಿತ್ತು. ಬಣ್ಣ ಮಾಸಿದ್ದರೂ ಚಕ್ರ ಸದ್ದಿಲ್ಲದೆ ಉರುಳುತ್ತಿತ್ತು. ಬೆಲ್ಟು ಹಾಕಿದ ಕೂಡಲೇ ಬಾಣ ಬೀದಿಗೆಲ್ಲಾ ಕೇಳುವಂತೆ ಕಿರುಚಿದ. ಮನೆಯಾಕೆ ವಿಚಲಿತಳಾಗಲಿಲ್ಲ. "ನಮ್ಮವಳೂ ಹೀಗೇ ಕೂಗ್ತಿದ್ಲು. ನೀವು ನಿಲ್ಲಬೇಡಿ, ತಳ್ತಾ ಇರಿ. ಗಾಡಿ ನಿಂತ್ರೆ ಕೂಗು ಜಾಸ್ತಿ." ದುಡ್ಡು ಎಣಿಸಿಕೊಂಡು, ಮಡಚುವುದನ್ನೂ ಬಿಡಿಸುವುದನ್ನೂ ತೋರಿಸಿಕೊಟ್ಟಳು: ಪೆಡಲನ್ನು ಎಡಗಾಲಲ್ಲಿ ಒತ್ತಿ, ಹಿಡಿಕೆಯನ್ನು ಒಮ್ಮೆ ಮೇಲಕ್ಕೆ ಝಾಡಿಸಬೇಕು.

ಬಸ್ ನಿಲ್ದಾಣದವರೆಗೆ ಎಲ್ಲಾ ಸರಿಯಿತ್ತು. ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ತಡೆದ. "ಮಡಚಿ ಒಳಗಿಡಿ ಅಕ್ಕ, ಹೀಗೆ ಹತ್ತಿಸೋಕಾಗಲ್ಲ."

ಮಡಚಲು ಎರಡು ಕೈಯೂ ಒಂದು ಕಾಲೂ ಬೇಕು. ಹುಡುಗನನ್ನು ಇಳಿಸಿ, ತನ್ನ ಮೈಗೂ ಬಸ್ಸಿಗೂ ನಡುವೆ ಒತ್ತಿ ನಿಲ್ಲಿಸಿಕೊಂಡಳು. ಗಾಡಿ ಮಡಚಿ ಮೆಟ್ಟಿಲ ಮೇಲೆ ಎತ್ತಿಟ್ಟಳು, ಕಂಡಕ್ಟರ್ ಒಳಗೆಳೆದುಕೊಂಡ. ಮಗನಿಗಾಗಿ ಕೈ ಹಿಂದೆ ಚಾಚಿದಳು. ಕೈಗೆ ಏನೂ ಸಿಗಲಿಲ್ಲ.

ಹಿಂದಿನ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. "ಹತ್ತಿ, ಹತ್ತಿ," ಎಂದ ಕಂಡಕ್ಟರ್. ಅವಳು ಆಗಲೇ ಓಡತೊಡಗಿದ್ದಳು. ಬಸ್ಸು ಗಾಡಿಯನ್ನು ಹೊತ್ತು ಹೊರಟುಹೋಯಿತು.

ಕೂಗಿ ಪ್ರಯೋಜನವಿಲ್ಲವೆಂದು ಗೊತ್ತಿದ್ದರೂ ಕೂಗಿದಳು. ಕಂಡಕಂಡವರನ್ನು ಕೇಳಿದಳು: ಒಂಬತ್ತು ವರ್ಷದವನು, ಹಸಿರು ಅಂಗಿ. "ಅಷ್ಟು ದೊಡ್ಡ ಹುಡುಗ ಎಲ್ಲಿ ಹೋಗ್ತಾನೆ? ಬರ್ತಾನೆ ಬಿಡಿ," ಎಂದರು ಒಬ್ಬರು. ಶೌಚಾಲಯದ ನಲ್ಲಿಗಳ ಹತ್ತಿರ ನೋಡಿದಳು, ಇಲ್ಲ. ಬಸ್ಸುಗಳ ಕೆಳಗೆ ಬಗ್ಗಿ ನೋಡಿದಳು. ಬಗ್ಗಿದ್ದವಳು ಹಾಗೇ ಉಸಿರು ಹಿಡಿದು ಆಲಿಸಿದಳು. ಇಂಜಿನ್ನುಗಳ ಗದ್ದಲದಾಚೆ ಎಲ್ಲಿಂದಲೋ ಸುಂಯ್ ಎಂಬ ಸದ್ದು ಬರುತ್ತಿತ್ತು.

ರಸ್ತೆಯ ಆಚೆಗೆ ಕಾರು ತೊಳೆಯುವ ಜಾಗವಿತ್ತು. ನಾಲ್ಕು ಸಾಲು ವಾಹನ ಹರಿಯುವ ಆ ರಸ್ತೆಯನ್ನು ಹುಡುಗ ಹೇಗೆ ದಾಟಿದನೋ ಅವಳಿಗೆ ಇವತ್ತಿಗೂ ತಿಳಿಯದು. ತಾನು ದಾಟಿದ್ದೂ ನೆನಪಿಲ್ಲ. ಬಾಣ ಅಡಿಯಿಂದ ಮುಡಿಯವರೆಗೆ ತೊಯ್ದು, ಪೈಪಿನ ಬಾಯಿಗೆ ಅಂಗೈಯೊಡ್ಡಿ ನಗುತ್ತಿದ್ದ.

"ನಿಮ್ಮವನಾ? ಪೈಪ್ ಬಿಡ್ತಾನೇ ಇಲ್ಲ ನೋಡಿ," ಎಂದ ಕಾರು ತೊಳೆಯುವವನು. ಅವಳು ಮಗನನ್ನು ಅಪ್ಪಿಕೊಂಡು ಒದ್ದೆ ನೆಲದಲ್ಲೇ ಕೂತುಬಿಟ್ಟಳು. ಹೊಡೆಯಬೇಕೆನ್ನಿಸಿತ್ತು, ಕೈ ಏಳಲಿಲ್ಲ. ಕಾರು ತೊಳೆಯುವವನು ನಲ್ಲಿ ನಿಲ್ಲಿಸಿ, ಒರೆಸುವ ಬಟ್ಟೆಗಳಲ್ಲಿ ಒಣಗಿದ್ದೊಂದನ್ನು ಆರಿಸಿ ಕೊಟ್ಟ.

ಗಾಡಿಯ ನೆನಪಾದದ್ದು ಆಮೇಲೆ. ನಿಲ್ದಾಣಕ್ಕೆ ವಾಪಸ್ಸು ಬಂದು, ಶಾಲಿನ ಒಂದು ತುದಿಯನ್ನು ಮಗನ ಸೊಂಟಕ್ಕೆ, ಇನ್ನೊಂದನ್ನು ತನ್ನ ಕೈಗೆ ಕಟ್ಟಿಕೊಂಡು ವಿಚಾರಣೆಯ ಕಿಟಕಿಯಲ್ಲಿ ಕೇಳಿದಳು. "ಆ ಬಸ್ ಕೊನೇ ಸ್ಟಾಪಿಗೆ ಹೋಗಿ ಇಲ್ಲಿಗೇ ಬರುತ್ತೆ. ಆದ್ರೆ ಸಾಮಾನು ಇಷ್ಟೊತ್ತಿಗೆ ಯಾರೋ ಇಳಿಸ್ಕೊಂಡಿರ್ತಾರೆ," ಎಂದ ಒಳಗಿದ್ದವನು.

ಕಾದಳು. ಅದೇ ನಂಬರಿನ ಬಸ್ಸುಗಳು ಬಂದವು, ಅದೇ ಕಂಡಕ್ಟರ್ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದುಕೊಂಡಳು. ಅತ್ತೆಗೆ ಏನು ಹೇಳುವುದು? ಹುಡುಗ ಚಳಿಗೆ ನಡುಗುತ್ತಿದ್ದ. ಬೀದಿದೀಪಗಳು ಹತ್ತಿದವು. ಇನ್ನು ಹೊರಡೋಣವೆಂದು ಎದ್ದಾಗ ಒಂದು ಬಸ್ಸು ತಿರುಗಿ ಒಳಗೆ ಬಂತು. ಡ್ರೈವರನ ಹಿಂದಿನ ಕಂಬಿಗೆ ಹಗ್ಗದಲ್ಲಿ ಬಿಗಿದು ಕಟ್ಟಿದ ಗಾಡಿ ಕಾಣಿಸಿತು.

"ಎಲ್ಲಿ ಹೋಗ್ಬಿಟ್ರಿ ಅಕ್ಕ? ಇಬ್ಬರು ಇದು ನಮ್ದು ಅಂತ ಬಂದ್ರು. ಹಾಗಾದ್ರೆ ಬಿಡಿಸಿ ತೋರಿಸಿ ಅಂದೆ. ಇಬ್ಬರಿಗೂ ಆಗ್ಲಿಲ್ಲ," ಎಂದು ಕಂಡಕ್ಟರ್ ಗಾಡಿ ಕೆಳಗಿಳಿಸಿದ. "ನಂಗೂ ಆಗ್ಲಿಲ್ಲ ಅನ್ನಿ."

ಅವಳು ಪೆಡಲು ಒತ್ತಿ ಝಾಡಿಸಿದಳು. ಗಾಡಿ ಟಕ್ಕೆಂದು ಬಿಚ್ಚಿಕೊಂಡಿತು. "ಹಾಂ, ನಿಮ್ದೇ," ಎಂದ ಅವನು.

ಮತ್ತೆ ಬಸ್ಸು ಹತ್ತುವ ಧೈರ್ಯವಾಗಲಿಲ್ಲ. ಮಗನನ್ನು ಕೂರಿಸಿ, ಬೆಲ್ಟು ಬಿಗಿದು ನಡೆದೇ ಹೊರಟಳು. ಅವನು ಕಿರುಚಿದ, ಅವಳು ನಿಲ್ಲಲಿಲ್ಲ. ಜನ ತಿರುಗಿ ನೋಡಿದರು, ಅವಳು ನಿಲ್ಲಲಿಲ್ಲ. ಎರಡು ಬೀದಿ ದಾಟುವಷ್ಟರಲ್ಲಿ ಕೂಗು ಗುನುಗಾಗಿ ಇಳಿಯಿತು. ಆಗ ತಲೆಯೆತ್ತಿದಳು. ಅಂಗಡಿಗಳ ಗಾಜಿನ ಹಿಂದೆ ಗಡಿಯಾರ, ಚಪ್ಪಲಿ, ಬಣ್ಣದ ಬಲ್ಬುಗಳಿದ್ದವು. ಮಗನ ನೆತ್ತಿಯ ಹೊರತು ರಸ್ತೆಯಲ್ಲಿ ಬೇರೇನನ್ನೂ ನೋಡದೆ ಎಷ್ಟು ಕಾಲವಾಗಿತ್ತೋ.

ಅತ್ತೆ ಬೀದಿ ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಮೊಮ್ಮಗನ ಒದ್ದೆ ತಲೆಗೂದಲು ಮುಟ್ಟಿದಳು, ಸೊಸೆಯ ಮುಖ ನೋಡಿದಳು. ಸೊಸೆ ನಡೆದದ್ದನ್ನೆಲ್ಲಾ ಹೇಳಿದಳು, ನಾಲ್ಕು ಸಾಲಿನ ರಸ್ತೆಯನ್ನೂ ಬಿಡದೆ. "ಚಕ್ರ ಒರೆಸದೆ ಒಳಗೆ ತರಬೇಡ," ಎಂದು ಅತ್ತೆ ಚಿಂದಿಬಟ್ಟೆ ತಂದುಕೊಟ್ಟಳು.

ಅತ್ತೆ ಇವತ್ತಿಗೂ ಆ ಗಾಡಿಯನ್ನು ತಳ್ಳುವುದಿಲ್ಲ. ಆದರೆ ಬೆಳಿಗ್ಗೆ ದೊಡ್ಡ ರಸ್ತೆಯವರೆಗೆ ಜೊತೆಗೆ ಬಂದು, ಗಾಡಿಗಿಂತ ಮೊದಲು ತಾನು ರಸ್ತೆಗಿಳಿದು, ಎರಡೂ ಕೈ ಎತ್ತಿ ಬಸ್ಸುಗಳನ್ನು ನಿಲ್ಲಿಸುತ್ತಾಳೆ.